ಸದಸ್ಯರ ಪಟ್ಟಿ ಯಾರ ಕೈಯಲ್ಲಿದೆ?

ವೃತ್ತಿ ಸಂಘಗಳು ತಮ್ಮದೇ ಸಾಮಾಜಿಕ ಜಾಲತಾಣ ಕಟ್ಟಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

ವಕೀಲರು, ಪಶುವೈದ್ಯರು, ಸಿವಿಲ್ ಎಂಜಿನಿಯರುಗಳು, ತೆರಿಗೆ ಸಲಹೆಗಾರರು, ಹೀಗೆ ಯಾವ ವೃತ್ತಿಯವರ ಸಂಘವನ್ನೇ ತೆಗೆದುಕೊಳ್ಳಿ, ಅದಕ್ಕೊಂದು ವಾಟ್ಸ್‌ಆ್ಯಪ್ ಗುಂಪು ಇದ್ದೇ ಇರುತ್ತದೆ. ಸಭೆಯ ಸೂಚನೆ, ಚಂದಾ ನೆನಪು, ಸರ್ಕಾರದ ಹೊಸ ಸುತ್ತೋಲೆ, ಹುಟ್ಟುಹಬ್ಬದ ಹಾರೈಕೆ ಎಲ್ಲವೂ ಅಲ್ಲೇ. ತಾಲ್ಲೂಕಿನ ಪಶುವೈದ್ಯರೊಬ್ಬರು ಅಪರೂಪದ ಕಾಯಿಲೆಯ ಬಗ್ಗೆ ಕೇಳುತ್ತಾರೆ, ಹಿರಿಯರೊಬ್ಬರು ಮೂವತ್ತು ವರ್ಷಗಳ ಅನುಭವವನ್ನು ನಾಲ್ಕು ಸಾಲಿನಲ್ಲಿ ಬರೆಯುತ್ತಾರೆ. ಸಂಜೆಯೊಳಗೆ ಆ ಉತ್ತರ ಶುಭಾಶಯಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಆರು ತಿಂಗಳ ಮೇಲೆ ಅದೇ ಪ್ರಶ್ನೆ ಮತ್ತೊಬ್ಬರಿಗೆ ಬಂದಾಗ ಹಳೆಯ ಉತ್ತರ ಕೈಗೆ ಸಿಗುವುದಿಲ್ಲ. ಒಂದು ಗುಂಪಿಗೆ 1,024 ಮಂದಿಯ ಮಿತಿ ಬೇರೆ. ಸಂಘ ಬೆಳೆದಂತೆ ಎರಡನೇ ಗುಂಪು, ಮೂರನೇ ಗುಂಪು ಹುಟ್ಟಿಕೊಳ್ಳುತ್ತವೆ.

ಹಾಗಾಗಿ ‘ನಮ್ಮದೇ ಒಂದು ಜಾಲತಾಣ ಬೇಕು’ ಎಂಬ ಮಾತು ಸರ್ವಸದಸ್ಯರ ಸಭೆಯಲ್ಲಿ ಬಂದೇ ಬರುತ್ತದೆ. ಬಂದ ಕೂಡಲೇ ಚರ್ಚೆ ಬಣ್ಣ, ಲೋಗೊ, ಮೊಬೈಲ್ ಆ್ಯಪ್ ಮತ್ತು ದರಪಟ್ಟಿಯ ಕಡೆ ಹೊರಳುತ್ತದೆ. ಅದಕ್ಕಿಂತ ಮೊದಲು ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ. ನಾಳೆ ಈ ವೇದಿಕೆಯನ್ನು ಬಿಟ್ಟು ಹೊರಡಬೇಕಾಗಿ ಬಂದರೆ ಸದಸ್ಯರ ಪಟ್ಟಿ, ಚಂದಾ ಲೆಕ್ಕ, ವರ್ಷಗಳ ಚರ್ಚೆ ಎಲ್ಲವನ್ನೂ ಜೊತೆಗೆ ಒಯ್ಯಲು ಆಗುತ್ತದೆಯೇ? ಸಂಘ ಯಾವ ವೇದಿಕೆ ಆರಿಸಿಕೊಳ್ಳಬೇಕು ಎಂಬುದು ಈ ಉತ್ತರದ ಮೇಲೆಯೇ ತೀರ್ಮಾನವಾಗಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮುಚ್ಚಿಹೋದ ಬಾಗಿಲುಗಳು

ಈ ಎಚ್ಚರಿಕೆಗೆ ಇತಿಹಾಸದ ಆಧಾರವಿದೆ. ಮಾರ್ಕ್ ಆ್ಯಂಡ್ರೀಸನ್ ಮತ್ತು ಜೀನಾ ಬಿಯಾಂಕಿನಿ ಸ್ಥಾಪಿಸಿದ ‘ನಿಂಗ್’, ಯಾವುದೇ ಸಮುದಾಯ ತನ್ನದೇ ಸಾಮಾಜಿಕ ಜಾಲವನ್ನು ಬಿಟ್ಟಿಯಾಗಿ ಕಟ್ಟಿಕೊಳ್ಳಬಹುದು ಎಂದು ಹೇಳಿ ಜನಪ್ರಿಯವಾಯಿತು. 2010ರ ಏಪ್ರಿಲ್‌ನಲ್ಲಿ ಉಚಿತ ಸೇವೆ ನಿಲ್ಲಿಸುವುದಾಗಿ ಅದು ಪ್ರಕಟಿಸಿತು. ದುಡ್ಡು ಕೊಡಿ, ಇಲ್ಲವೇ ಜಾಗ ಖಾಲಿ ಮಾಡಿ ಎಂಬ ಸ್ಥಿತಿ ಎಷ್ಟೋ ಸಮುದಾಯಗಳಿಗೆ ಎದುರಾಯಿತು. ಭಾರತೀಯರಿಗೆ ಅಚ್ಚುಮೆಚ್ಚಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸಾಮಾನ್ಯ ಬಳಕೆದಾರರ ಪಾಲಿಗೆ ಗೂಗಲ್ ಪ್ಲಸ್ 2019ರ ಏಪ್ರಿಲ್ 2ರಂದು ಕೊನೆಗೊಂಡಿತು. ಹಳೆಯ ಸಂದೇಶ ಮತ್ತು ಕಡತಗಳನ್ನು ತೆಗೆದುಹಾಕುವುದಾಗಿ 2019ರಲ್ಲಿ ಘೋಷಿಸಿದ ಯಾಹೂ ಗ್ರೂಪ್ಸ್, 2020ರ ಡಿಸೆಂಬರ್ 15ರಂದು ಪೂರ್ತಿ ನಿಂತುಹೋಯಿತು. ಸಂಸ್ಥೆಗಳಿಗೆಂದೇ ರೂಪಿಸಿದ್ದ ‘ವರ್ಕ್‌ಪ್ಲೇಸ್’ ಸೇವೆಯನ್ನು ಮುಚ್ಚುವುದಾಗಿ ಮೆಟಾ ಕಂಪನಿ 2024ರ ಮೇ ತಿಂಗಳಲ್ಲಿ ಹೇಳಿತು.

ಇವುಗಳಲ್ಲಿ ಯಾವುದೂ ಸಣ್ಣಪುಟ್ಟ ಕಂಪನಿಯ ಸೇವೆಯಲ್ಲ. ವ್ಯಾಪಾರದ ಲೆಕ್ಕ ಬದಲಾದಾಗ ದೊಡ್ಡ ಕಂಪನಿಯೂ ಸೇವೆ ನಿಲ್ಲಿಸುತ್ತದೆ. ಹೊತ್ತಿಗೆ ಸರಿಯಾಗಿ ಪಟ್ಟಿಯನ್ನು ಇಳಿಸಿಕೊಂಡ ಸಂಘ ಉಳಿದುಕೊಳ್ಳುತ್ತದೆ, ಉಳಿದವು ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಮತ್ತೆ ಹುಡುಕಬೇಕಾಗುತ್ತದೆ.

ಮೂರು ದಾರಿಗಳು

ಸಂಘದ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ತಿಂಗಳ ಶುಲ್ಕಕ್ಕೆ ಸಿಗುವ ಸಿದ್ಧ ವೇದಿಕೆ. ನಿಂಗ್ ನಂತರ ಜೀನಾ ಬಿಯಾಂಕಿನಿ ಕಟ್ಟಿದ ಮೈಟಿ ನೆಟ್‌ವರ್ಕ್ಸ್, ಸರ್ಕಲ್, ಹೈವ್‌ಬ್ರೈಟ್ ಮುಂತಾದವು ಈ ಬಗೆಯವು. ತಾಂತ್ರಿಕ ಜ್ಞಾನ ಇಲ್ಲದವರೂ ಕೆಲವೇ ದಿನಗಳಲ್ಲಿ ಕೆಲಸ ಶುರು ಮಾಡಬಹುದು. ಸರ್ವರ್, ಭದ್ರತೆ, ಬ್ಯಾಕಪ್ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ಶುಲ್ಕ ಸಾಮಾನ್ಯವಾಗಿ ಡಾಲರ್ ಲೆಕ್ಕದಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಚಂದಾದಿಂದಲೇ ನಡೆಯುವ ಜಿಲ್ಲಾ ಸಂಘಕ್ಕೆ ಅದು ವರ್ಷವರ್ಷವೂ ಭಾರವಾಗಬಹುದು.

ಎರಡನೆಯದು ಮುಕ್ತ ತಂತ್ರಾಂಶ. ಜಾಲತಾಣ ಕಟ್ಟಲು 2003ರಿಂದ ಬಳಕೆಯಲ್ಲಿರುವ ವರ್ಡ್‌ಪ್ರೆಸ್‌ಗೆ ಬಡ್ಡಿಪ್ರೆಸ್ ಸೇರಿಸಿದರೆ ಸದಸ್ಯರ ಪರಿಚಯ ಪುಟ, ಗುಂಪುಗಳು, ಖಾಸಗಿ ಸಂದೇಶ ಎಲ್ಲವೂ ಸಿಗುತ್ತವೆ. ಸದಸ್ಯತ್ವದ ಅವಧಿ, ನವೀಕರಣ, ದೇಣಿಗೆ, ಕಾರ್ಯಕ್ರಮಗಳ ನೋಂದಣಿ ಮುಖ್ಯ ಎನಿಸಿದರೆ ಸಂಘ ಸಂಸ್ಥೆಗಳಿಗೆಂದೇ ರೂಪುಗೊಂಡ ಸಿವಿಸಿಆರ್‌ಎಂ ಇದೆ. ಅದನ್ನು ವರ್ಡ್‌ಪ್ರೆಸ್, ಅದೇ ಬಗೆಯ ದ್ರುಪಲ್ ಎರಡರೊಂದಿಗೂ ಜೋಡಿಸಬಹುದು. ಚರ್ಚೆಯೇ ಪ್ರಧಾನವಾದರೆ ಡಿಸ್ಕೋರ್ಸ್ ಒಳ್ಳೆಯ ಆಯ್ಕೆ. ಕನ್ನಡದಲ್ಲಿ ಈ ದಾರಿ ಹೊಸದೇನಲ್ಲ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ಸಮುದಾಯ ತಾಣ ದ್ರುಪಲ್ ಮೇಲೆಯೇ ನಿಂತಿತ್ತು.

ಮುಕ್ತ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಆದರೆ ಅದರ ನಿರ್ವಹಣೆ ಪುಕ್ಕಟೆಯಲ್ಲ. 2011ರ ಜನವರಿಯಲ್ಲಿ ಬಂದ ದ್ರುಪಲ್‌ನ ಏಳನೇ ಆವೃತ್ತಿಗೆ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಅದರಲ್ಲಿದ್ದ ತಾಣಗಳು ಹೊಸ ಆವೃತ್ತಿಗೆ ಬರಬೇಕಾದರೆ ಹೆಚ್ಚುಕಡಿಮೆ ಮತ್ತೆ ಕಟ್ಟಿದಷ್ಟೇ ಕೆಲಸ. ಆದರೂ ಇಲ್ಲಿ ಒಂದು ನೆಮ್ಮದಿಯಿದೆ. ದತ್ತಾಂಶ ಸಂಘದ ಕೈಯಲ್ಲೇ ಇರುತ್ತದೆ ಮತ್ತು ಒಬ್ಬ ತಂತ್ರಜ್ಞರು ಬಿಟ್ಟುಹೋದರೆ ಅದೇ ಕೆಲಸ ಬಲ್ಲ ಇನ್ನೊಬ್ಬರು ಸಿಗುತ್ತಾರೆ.

ಮೂರನೆಯದು ಪರಿಚಿತ ಕಂಪನಿಯೊಂದರಿಂದ ಹೊಸದಾಗಿ ಬರೆಸಿಕೊಳ್ಳುವುದು. ಸಂಘದ ಸದಸ್ಯರೊಬ್ಬರ ಬಂಧುವೇ ಕಡಿಮೆ ದರಕ್ಕೆ ಮಾಡಿಕೊಡುತ್ತಾರೆ ಎಂದಾಗ ಬೇಡ ಎನ್ನುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಅಪಾಯ ಹೆಚ್ಚಿರುವುದು ಇಲ್ಲೇ. ಬರೆದವರು ಬೇರೆ ಕೆಲಸ ಹಿಡಿದು ಹೋದ ಮೇಲೆ ಆ ತಂತ್ರಾಂಶದ ಒಳಹೊರಗು ಬಲ್ಲವರೇ ಉಳಿಯುವುದಿಲ್ಲ.

ಹೆಸರು, ಹಣ, ಕಾನೂನು

ಯಾವ ದಾರಿ ಹಿಡಿದರೂ ನಮ್ಮ ನೆಲದ ಕೆಲವು ಸಂಗತಿಗಳನ್ನು ಮೊದಲೇ ಪರೀಕ್ಷಿಸಬೇಕು. ಬಹಳಷ್ಟು ವಿದೇಶಿ ವೇದಿಕೆಗಳು ಹೆಸರು, ಕುಟುಂಬದ ಹೆಸರು ಎಂದು ಎರಡು ಖಾನೆ ಕೊಟ್ಟು ಎರಡನ್ನೂ ತುಂಬಲೇಬೇಕು ಎನ್ನುತ್ತವೆ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದೆ ಇಟ್ಟುಕೊಳ್ಳುವ ನಮ್ಮಲ್ಲಿ ಎರಡನೇ ಖಾನೆಗೆ ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ. ಕೊನೆಗೆ ಅಕಾರಾದಿ ಪಟ್ಟಿ ಕಲಸಿಹೋಗುತ್ತದೆ. ಹಳೆಯ ಸದಸ್ಯರ ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿದ್ದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಏರಿಸಬಾರದು. ಏರಿಸಿದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ, ಹುಡುಕಿದ ಹೆಸರು ಸಿಗುವುದಿಲ್ಲ.

ಹಣದ ವಿಷಯ ಇನ್ನೂ ಸೂಕ್ಷ್ಮ. ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಆವರ್ತಕ ಪಾವತಿಗಳಿಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಬಿಗಿ ನಿಯಮ ತಂದಿದೆ. ಮೊದಲಿಗೆ ಗ್ರಾಹಕರ ಒಪ್ಪಿಗೆ ನೋಂದಾಯಿಸಬೇಕು, ಪ್ರತಿ ಕಡಿತಕ್ಕೂ 24 ಗಂಟೆ ಮೊದಲು ತಿಳಿಸಬೇಕು. ಈ ವ್ಯವಸ್ಥೆಗೆ ಹೊಂದಿಕೊಳ್ಳದ ವೇದಿಕೆಯಲ್ಲಿ ವಾರ್ಷಿಕ ಚಂದಾ ತಾನಾಗಿ ನವೀಕರಣವಾಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಯುಪಿಐ ಮೂಲಕ ಹಣ ಸ್ವೀಕರಿಸಲು ಬರುತ್ತದೆಯೇ, ರಸೀದಿ ಸಂಘದ ಹೆಸರಿನಲ್ಲೇ ಬರುತ್ತದೆಯೇ ಎಂದು ಒಂದು ರೂಪಾಯಿ ಕಟ್ಟಿ ನೋಡಿಯೇ ಮುಂದುವರಿಯಬೇಕು.

ಇನ್ನು ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ದತ್ತಾಂಶದ ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಆ ಪರಿಚ್ಛೇದದಲ್ಲಿ ಕನ್ನಡವೂ ಇದೆ. ಎಲ್ಲ ಸದಸ್ಯರ ಮನೆ ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಪಿಡಿಎಫ್ ಮಾಡಿ ಗುಂಪಿಗೆ ಹಾಕುವ ಹಳೆಯ ರೂಢಿಯನ್ನು ಇನ್ನಾದರೂ ಕೈಬಿಡಬೇಕು. ತಮ್ಮ ಯಾವ ವಿವರ ಯಾರಿಗೆ ಕಾಣಬೇಕು ಎಂಬುದನ್ನು ಸದಸ್ಯರೇ ತೀರ್ಮಾನಿಸುವ ಸೌಲಭ್ಯ ವೇದಿಕೆಯಲ್ಲಿ ಇರಲೇಬೇಕು.

ಕಟ್ಟಿದ ಮೇಲೆ

ಅಂತರ್ಜಾಲ ಸಮುದಾಯಗಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಬರೀ ಓದುತ್ತಾರೆ, ಒಂಬತ್ತು ಮಂದಿ ಆಗೀಗ ಬರೆಯುತ್ತಾರೆ, ಬಹುಪಾಲು ಬರಹ ಒಬ್ಬರಿಂದಲೇ ಬರುತ್ತದೆ ಎಂಬುದು 2006ರಲ್ಲಿ ವೆಬ್ ಬಳಕೆಯ ತಜ್ಞ ಯಾಕೊಬ್ ನೀಲ್ಸನ್ ಮುಂದಿಟ್ಟ ಅಂದಾಜು. ಮುನ್ನೂರು ಸದಸ್ಯರ ಸಂಘಕ್ಕೆ ಇದನ್ನು ಅನ್ವಯಿಸಿದರೆ ನಿಯಮಿತವಾಗಿ ಬರೆಯುವವರು ಮೂವರು. ಅಷ್ಟು ಜನಕ್ಕೆ ಇಪ್ಪತ್ತು ವಿಭಾಗಗಳ ಅಬ್ಬರದ ತಾಣ ಬೇಡ. ಸದಸ್ಯರ ಕೈಪಿಡಿ, ಚಂದಾ ಪಾವತಿ, ಪ್ರಶ್ನೋತ್ತರ ಇವಿಷ್ಟರಿಂದ ಆರಂಭಿಸಿದರೆ ಸಾಕು. ವಾಟ್ಸ್‌ಆ್ಯಪ್ ಗುಂಪನ್ನು ಮುಚ್ಚಬೇಕಾಗಿಯೂ ಇಲ್ಲ. ಸೂಚನೆ ಅಲ್ಲಿ ಹೋಗಲಿ, ದಾಖಲೆ ತಾಣದಲ್ಲಿ ಉಳಿಯಲಿ.

ಪದಾಧಿಕಾರಿಗಳು ಬದಲಾಗುತ್ತಲೇ ಇರುವ ಸಂಘಗಳಲ್ಲಿ ತಾಣ ಸಾಮಾನ್ಯವಾಗಿ ಮುಗ್ಗರಿಸುವುದು ಪಾಸ್‌ವರ್ಡಿನ ಬಳಿ. ತಾಣದ ವಿಳಾಸ ಹಳೆಯ ಕಾರ್ಯದರ್ಶಿಯ ಖಾಸಗಿ ಇಮೇಲ್‌ನಲ್ಲಿ ನೋಂದಣಿಯಾಗಿರುತ್ತದೆ, ಒಟಿಪಿ ಅವರ ಫೋನಿಗೇ ಹೋಗುತ್ತದೆ. ಅವರು ಊರು ಬಿಟ್ಟರೆ ನವೀಕರಣ ತಪ್ಪಿ ವಿಳಾಸವೇ ಕೈತಪ್ಪಬಹುದು. ನೋಂದಣಿ ಸಂಘದ ಹೆಸರಿನಲ್ಲಿ, ಸಂಘದ ಇಮೇಲ್‌ನಲ್ಲಿ ಇರಬೇಕು. ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ಪ್ರವೇಶ ಇರಬೇಕು. ಅಧಿಕಾರ ಹಸ್ತಾಂತರದ ದಿನ ಬ್ಯಾಂಕ್ ಪಾಸ್‌ಬುಕ್ಕಿನ ಜೊತೆಗೆ ಇದೂ ಹಸ್ತಾಂತರವಾಗಬೇಕು.

ನನ್ನ ಸಲಹೆ ಇಷ್ಟು. ತಾಂತ್ರಿಕ ನೆರವು ಹತ್ತಿರದಲ್ಲಿದ್ದರೆ ವರ್ಡ್‌ಪ್ರೆಸ್ ಮತ್ತು ಬಡ್ಡಿಪ್ರೆಸ್ ಜೋಡಿ, ಶಾಖೆಗಳಿರುವ ದೊಡ್ಡ ಸಂಘವಾದರೆ ಸಿವಿಸಿಆರ್‌ಎಂ. ನೆರವು ಏನೂ ಇಲ್ಲದಿದ್ದರೆ ತಿಂಗಳ ಶುಲ್ಕದ ವೇದಿಕೆಯೇ ಇರಲಿ, ಆದರೆ ತಾಣದ ವಿಳಾಸ ಸಂಘದ್ದೇ ಆಗಿರಲಿ. ಮೂರರಲ್ಲಿ ಯಾವುದಾದರೂ, ಹಣ ಕಟ್ಟುವ ಮೊದಲು ಹತ್ತು ಸದಸ್ಯರನ್ನು ಸೇರಿಸಿ, ಕನ್ನಡದಲ್ಲಿ ನಾಲ್ಕು ಪ್ರಶ್ನೆ ಬರೆಸಿ, ಆಮೇಲೆ ಅಷ್ಟನ್ನೂ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದು ನೋಡಿ. ಹೆಸರು, ಸದಸ್ಯತ್ವ ಸಂಖ್ಯೆ, ಚಂದಾ ವಿವರ ಮತ್ತು ಬರಹಗಳು ಸರಿಯಾಗಿ ಬಂದರೆ ಮುಂದುವರಿಯಿರಿ. ಬರದಿದ್ದರೆ ವೇದಿಕೆ ಎಷ್ಟೇ ಚಂದವಿದ್ದರೂ ಬೇಡ ಎನ್ನಿ. ಒಂದು ವೃತ್ತಿಯ ಜನ ಪರಸ್ಪರ ಕಲಿಸಿಕೊಂಡ ಅರಿವು ಆ ಸಂಘದ ದೊಡ್ಡ ಆಸ್ತಿ, ಅದನ್ನು ಕಾಯುವ ಹೊಣೆಯನ್ನು ಸಂಘ ಬೇರೆ ಯಾರಿಗೂ ವಹಿಸಿಕೊಡಬಾರದು.