ಆ ಫೋಟೊ ತೆಗೆದದ್ದು ಯಾರು, ಮಾಮ?

ಮೊನ್ನೆ ಮಗ್ರಿಬ್ ಆದ ಮೇಲೆ ಅಕ್ಕನ ಮನೆಯ ಜಗಲಿಯಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿರುವ ಅವಳ ಮಗಳು ಮೊಬೈಲ್ ಹಿಡಿದುಕೊಂಡು ಬಂದಳು. ಫ್ಯಾಮಿಲಿ ಗ್ರೂಪಿಗೆ ಯಾರೋ ಒಂದು ಚಿತ್ರ ಹಾಕಿದ್ದರು. ಕಪ್ಪು ಆಕಾಶದಲ್ಲಿ ಸುರುಳಿ ಸುತ್ತಿದ ಆಕಾಶಗಂಗೆ, ಅದರ ಒಂದು ಬದಿಗೆ ಬಾಣದ ಗುರುತು, ‘ನಾವು ಇಲ್ಲಿದ್ದೇವೆ’ ಎಂಬ ಬರಹ. ಕೆಳಗೆ ಹತ್ತಾರು ‘ಸುಬ್ಹಾನಲ್ಲಾಹ್’.

“ಮಾಮ, ಈ ಫೋಟೊ ತೆಗೆದದ್ದು ಯಾರು? ನಾವು ಅದರ ಒಳಗೇ ಇದ್ದೇವಲ್ಲ, ಹೊರಗಿನಿಂದ ಫೋಟೊ ತೆಗೆಯೋದು ಹೇಗೆ?”

ಒಳ್ಳೆಯ ಪ್ರಶ್ನೆ. ಮನೆಯ ಮಾಡು ಇಡೀ ಕಾಣುವ ಹಾಗೆ ಫೋಟೊ ಬೇಕಾದರೆ ಅಂಗಳಕ್ಕೆ ಇಳಿಯಬೇಕು. ನಾವಾದರೋ ಒಳಕೋಣೆಯಲ್ಲಿದ್ದೇವೆ. ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಬೆಳಕಿನ ವರ್ಷ. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಹೆಚ್ಚುಕಡಿಮೆ ಅರ್ಧ ಶತಮಾನ ಓಡಿಯೂ, ಬೆಳಕು ಸುಮಾರು ಒಂದು ದಿನದಲ್ಲಿ ಹೋಗುವಷ್ಟು ದೂರ ಮಾತ್ರ ಹೋಗಿದೆ. ಹಾಗಾಗಿ ನಮ್ಮ ಆಕಾಶಗಂಗೆಯನ್ನು ಹೊರಗಿನಿಂದ ಇಡಿಯಾಗಿ ತೆಗೆದ ಫೋಟೊ ಎಂಬುದೇ ಇಲ್ಲ. ನಾವು ನೋಡುವುದೆಲ್ಲ ಬಿಡಿಸಿದ ಚಿತ್ರ. ಅಳತೆ ಮಾಡಿದವರು ವಿಜ್ಞಾನಿಗಳು, ಕಾಣುವ ಹಾಗೆ ಮಾಡಿದವರು ಚಿತ್ರಗಾರರು.

ಆ ಚಿತ್ರಗಾರರನ್ನು ಜಗತ್ತಿನ ಮನೆ ಮನೆಗೆ ಕರೆದುಕೊಂಡು ಬಂದ ಒಂದು ಟಿವಿ ಧಾರಾವಾಹಿ ಉಂಟು. ಹೆಸರು ‘ಕಾಸ್ಮಾಸ್’. ಅಮೆರಿಕದ ಪಿಬಿಎಸ್ ವಾಹಿನಿಯಲ್ಲಿ 1980ರ ಸೆಪ್ಟೆಂಬರ್ 28ರಂದು ಶುರುವಾಗಿ ಒಟ್ಟು 13 ಕಂತು ಬಂತು. ಆಮೇಲೆ 60ಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರವಾಯಿತು. ನಡೆಸಿಕೊಟ್ಟವರು ಖಗೋಳ ವಿಜ್ಞಾನಿ ಕಾರ್ಲ್ ಸೇಗನ್. ಒಂದು ಕಂತಿನ ಚಿತ್ರೀಕರಣಕ್ಕೆ ಅವರು ನಮ್ಮ ಪಕ್ಕದ ತಮಿಳುನಾಡಿಗೂ ಬಂದಿದ್ದರು.

ಕಂಪ್ಯೂಟರ್ ಗ್ರಾಫಿಕ್ಸ್ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲವದು. ಸೇಗನ್ ಕೂತ ‘ಕಲ್ಪನೆಯ ನೌಕೆ’ ನಕ್ಷತ್ರಗಳ ನಡುವೆ ಸಾಗಬೇಕು, ಗೆಲಾಕ್ಸಿಗಳು ಹತ್ತಿರ ಬರಬೇಕು, ಯಾರೂ ಕಾಲಿಡದ ಗ್ರಹಗಳ ನೆಲ ಕಾಣಬೇಕು. ಕ್ಯಾಮೆರಾ ಹೋಗಲಾರದ ಅಲ್ಲಿಗೆಲ್ಲ ಕುಂಚ ಹೋಯಿತು. ಜಾನ್ ಲೊಂಬರ್ಗ್, ಅಡಾಲ್ಫ್ ಶಾಲರ್, ಡಾನ್ ಡೇವಿಸ್, ರಿಕ್ ಸ್ಟರ್ನ್‌ಬಾಕ್ ಮುಂತಾದ ಕಲಾವಿದರು ಕೂತು ಬಿಡಿಸಿದರು. ಆ ಚಿತ್ರಗಳ ಮೇಲೆ ಕ್ಯಾಮೆರಾ ನಿಧಾನಕ್ಕೆ ಚಲಿಸಿದಾಗ ಮನೆಯಲ್ಲಿ ಕೂತವರಿಗೆ ತಾವೇ ಪ್ರಯಾಣ ಹೊರಟ ಹಾಗೆ. ಈ ಕೆಲಸಕ್ಕೆ ಕಲಾವಿದರ ತಂಡಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು.

ಜೊತೆಗೆ ಸಂಗೀತ. ಶೀರ್ಷಿಕೆಗೆ ಬಳಸಿದ್ದು ಗ್ರೀಸಿನ ವ್ಯಾಂಜೆಲಿಸ್ ಅವರ 1975ರ ‘ಹೆವೆನ್ ಆ್ಯಂಡ್ ಹೆಲ್’ ಆಲ್ಬಮ್ಮಿನ ಒಂದು ಭಾಗ. ಸ್ವರಲಿಪಿ ಓದಲು ಬಾರದ, ತಾನೇ ನುಡಿಸಿ ನುಡಿಸಿ ಕಲಿತ ಸಂಗೀತಗಾರ ಅವರು. ಅವರ ಸಂಗೀತದೊಂದಿಗೆ ಬಾಖ್, ವಿವಾಲ್ಡಿ ಅವರ ರಚನೆಗಳೂ ಅಲ್ಲಲ್ಲಿ ಕೇಳುತ್ತವೆ. ನಿಜ ಹೇಳಬೇಕಾದರೆ ನಕ್ಷತ್ರಗಳ ನಡುವೆ ನಮ್ಮ ಕಿವಿಗೆ ಕೇಳುವ ಸದ್ದಿಲ್ಲ. ಸದ್ದು ಹೊತ್ತು ತರಲು ಅಲ್ಲಿ ಗಾಳಿ ಇಲ್ಲ. ಆ ಸಂಗೀತ ಇದ್ದದ್ದು ಆಕಾಶಕ್ಕಲ್ಲ, ನೋಡುವವರಿಗೆ. ಒಂದೇ ಚಿತ್ರದ ಮುಂದೆ ಅರ್ಧ ನಿಮಿಷ ಸುಮ್ಮನೆ ಕೂರಿಸುವುದು ಸುಲಭವಲ್ಲ ಮಾರಾಯ್ರೆ. ಈಗಿನ ರೀಲ್ಸ್ ಕಾಲದಲ್ಲಂತೂ ಕೇಳುವುದೇ ಬೇಡ. ನಿಧಾನದ ಸಂಗೀತ ಕಣ್ಣಿಗೆ ಸ್ವಲ್ಪ ಪುರುಸೊತ್ತು ಕೊಡುತ್ತದೆ.

“ಹಾಗಾದ್ರೆ ಬಿಡಿಸಿದ್ದೆಲ್ಲ ಸುಳ್ಳಾ?” ಎಂದು ಕೇಳಿದಳು ಹುಡುಗಿ.

ಸುಳ್ಳಲ್ಲ. ಆದರೆ ಇಲ್ಲಿ ಒಂದು ಪ್ರಾಮಾಣಿಕತೆ ಬೇಕು. ಧಾರಾವಾಹಿಯಲ್ಲಿ ಗುರುಗ್ರಹದ ಮೋಡಗಳ ನಡುವೆ ಬಲೂನಿನ ಹಾಗೆ ತೇಲುವ ದೊಡ್ಡ ದೊಡ್ಡ ಜೀವಿಗಳ ಚಿತ್ರ ಬರುತ್ತದೆ. ಬಿಡಿಸಿದವರು ಶಾಲರ್. ಅಂಥ ಜೀವಿಗಳು ಉಂಟು ಎಂದು ಸೇಗನ್ ಹೇಳಲಿಲ್ಲ. ಭೌತಶಾಸ್ತ್ರದ ನಿಯಮ ಇದಕ್ಕೆ ಅಡ್ಡಿ ಬರುವುದಿಲ್ಲ, ಅಷ್ಟೆ ಎಂದರು. ಊಹೆಗೆ ಊಹೆ ಎಂದೇ ಹೆಸರಿಟ್ಟರು.

ಊಹೆ ತಪ್ಪಿದರೆ? ಅದಕ್ಕೂ ಒಂದು ಕಥೆ ಉಂಟು. ಚೆಸ್ಲಿ ಬೋನ್‌ಸ್ಟೆಲ್ ಎಂಬ ಅಮೆರಿಕದ ಕಲಾವಿದರು 1944ರಲ್ಲಿ ‘ಲೈಫ್’ ಪತ್ರಿಕೆಗೆ ಶನಿಗ್ರಹದ ಚಿತ್ರ ಬಿಡಿಸಿಕೊಟ್ಟರು. ಶನಿಯ ಉಪಗ್ರಹ ಟೈಟನ್ನಿನ ಮೇಲೆ ನಿಂತು ನೋಡಿದ ಹಾಗೆ: ಹಿಮ ಮೆತ್ತಿದ ಬಂಡೆಗಳು, ನೀಲಿ ಆಕಾಶ, ನಡುವೆ ಉಂಗುರ ತೊಟ್ಟ ಶನಿ. ಆ ಚಿತ್ರ ನೋಡಿ ಆಕಾಶದ ಹುಚ್ಚು ಹಿಡಿಸಿಕೊಂಡ ಹುಡುಗರು ಎಷ್ಟೋ ಮಂದಿ. 2005ರ ಜನವರಿ 14ರಂದು ಹ್ಯೂಗೆನ್ಸ್ ನೌಕೆ ನಿಜವಾಗಿಯೂ ಟೈಟನ್ನಿನಲ್ಲಿ ಇಳಿಯಿತು. ಅಲ್ಲಿ ನೀಲಿ ಆಕಾಶ ಇರಲಿಲ್ಲ. ದಟ್ಟ ಕಿತ್ತಳೆ ಬಣ್ಣದ ಮಬ್ಬು, ಅದರಾಚೆ ಏನೂ ಕಾಣದು. ಚಿತ್ರ ತಪ್ಪಾಗಿತ್ತು. ಆದರೆ ಅಲ್ಲಿಗೆ ಹೋಗಿ ನೋಡಬೇಕೆಂಬ ಆಸೆ ಹುಟ್ಟಿಸಿದ್ದರಲ್ಲಿ ಅಂಥ ಚಿತ್ರಗಳಿಗೂ ಪಾಲಿದೆ.

ಆಕಾಶವನ್ನು ಬಿಡಿಸಿ ಇಡುವ ಕೆಲಸ ಹೊಸದೇನಲ್ಲ. ಅಬ್ದುರ್ರಹ್ಮಾನ್ ಅಸ್ಸೂಫಿ ಎಂಬ ಖಗೋಳ ವಿದ್ವಾಂಸರು ಸುಮಾರು 964ರಲ್ಲೇ ನಕ್ಷತ್ರಗಳ ಬಗ್ಗೆ ಸಚಿತ್ರ ಗ್ರಂಥ ಬರೆದರು. ಪ್ರತಿ ನಕ್ಷತ್ರಪುಂಜಕ್ಕೆ ಎರಡೆರಡು ಚಿತ್ರ: ನೆಲದಿಂದ ನೋಡಿದರೆ ಹೇಗೆ, ಆಕಾಶದ ಗೋಲದ ಮೇಲೆ ಹೊರಗಿನಿಂದ ನೋಡಿದರೆ ಹೇಗೆ ಎಂದು. ನೋಡಿ, ‘ಹೊರಗಿನಿಂದ ಹೇಗೆ ಕಾಣುತ್ತದೆ’ ಎಂಬ ನಮ್ಮ ಹುಡುಗಿಯ ಪ್ರಶ್ನೆ ಅಲ್ಲೇ ಉಂಟು! ಇಂದು ನಾವು ಆಂಡ್ರೊಮಿಡಾ ಗೆಲಾಕ್ಸಿ ಎನ್ನುವುದನ್ನು ಅವರು ‘ಸಣ್ಣ ಮೋಡ’ ಎಂದು ಗುರುತಿಸಿಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಸುರಯ್ಯಾ ಎಂಬ ಹೆಸರು ಎಷ್ಟಿಲ್ಲ? ಅದು ಕನ್ನಡದ ಕೃತ್ತಿಕೆ. ಅದರ ಹಿಂದೆಯೇ ಬರುವ ಕೆಂಪು ನಕ್ಷತ್ರ ಅಲ್ಡೆಬರಾನ್. ಅರಬಿಯಲ್ಲಿ ‘ಹಿಂಬಾಲಿಸುವವನು’ ಎಂದರ್ಥ.

ಕಾಸ್ಮಾಸ್‌ನ ಮುಖ್ಯ ಕಲಾವಿದ ಲೊಂಬರ್ಗ್‌ಗೂ ನಮ್ಮ ಕನ್ನಡಕ್ಕೂ ಒಂದು ನಂಟು ಉಂಟು. 1977ರ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಧ್ವನಿಮುದ್ರಿಕೆ ಇಟ್ಟು ಕಳಿಸಿದ್ದಾರಲ್ಲ, ಸೇಗನ್ ನೇತೃತ್ವದ ಆ ಕೆಲಸದಲ್ಲಿ ವಿನ್ಯಾಸ ಲೊಂಬರ್ಗ್ ಅವರದು. ಅದರಲ್ಲಿ ಭೂಮಿಯ ಚಿತ್ರಗಳು, ಸಂಗೀತ, 55 ಭಾಷೆಗಳ ಶುಭಾಶಯ. ಕನ್ನಡವೂ ಇದೆ, ಅರಬಿಯೂ ಇದೆ. ಉರ್ದುವಿನ ಸಂದೇಶ ಶುರುವಾಗುವುದೇ ‘ಅಸ್ಸಲಾಮು ಅಲೈಕುಂ’ ಎಂದು. ನಮ್ಮ ಕೇಸರಬಾಯಿ ಕೇರ್ಕರ್ ಅವರ ಹಾಡೂ ಆ ನೌಕೆಗಳ ಜೊತೆ ಇನ್ನೂ ಹೋಗುತ್ತಲೇ ಇದೆ.

ಇಷ್ಟು ಹೇಳಿ ಮುಗಿಸುವಾಗ ಅಕ್ಕ ಒಳಗಿನಿಂದ ಬಂದಳು. “ಅವಳಿಗೆ ಇನ್ನೂ ತಲೆ ತಿರುಗಿಸಬೇಡ. ಸೈನ್ಸ್ ನೋಟ್ಸ್ ತುಂಬಾ ಚಿತ್ರ ಗೀಚಿ ಇಟ್ಟಿದ್ದಾಳೆ. ಮೊನ್ನೆ ಟೀಚರ್ ಕರೆಸಿ ಹೇಳಿದ್ರು, ನನಗೆ ನಾಚಿಕೆ ಆಯ್ತು. ಚಿತ್ರ ಬಿಡಿಸಿದ್ರೆ ಮಾರ್ಕ್ಸ್ ಬರ್ತದಾ?” ಎಂದಳು.

ಅಕ್ಕನ ಮಾತನ್ನು ತಳ್ಳಿ ಹಾಕುವಂತಿಲ್ಲ. ಮುಂದಿನ ವರ್ಷ ಎಸೆಸೆಲ್ಸಿ. ಭಾವ ಗಲ್ಫಿನಲ್ಲಿ, ಮನೆಯ ಯೋಚನೆಯೆಲ್ಲ ಅಕ್ಕನ ತಲೆ ಮೇಲೆ. ಆದರೂ ನೋಟ್ಸ್ ತರಿಸಿ ನೋಡಿದೆ. ಶನಿಯ ಉಂಗುರ ಬಿಡಿಸಿದ್ದಾಳೆ, ಗ್ರಹದ ನೆರಳು ಉಂಗುರದ ಮೇಲೆ ಬಿದ್ದದ್ದನ್ನೂ ಬಿಡಿಸಿದ್ದಾಳೆ. ಬೆಳಕು ಯಾವ ಬದಿಯಿಂದ ಬರುತ್ತದೆ ಎಂದು ಗೊತ್ತಿಲ್ಲದವರಿಗೆ ಆ ನೆರಳು ಬಿಡಿಸಲು ಬರುವುದಿಲ್ಲ. ಪಾಠ ಅರ್ಥವಾದ ಗುರುತು ಅದು.

ಸೇಗನ್ ಕೂಡ ಬಟ್ಟೆ ಹೊಲಿಯುವ ಉದ್ಯಮದಲ್ಲಿ ದುಡಿಯುತ್ತಿದ್ದ ಬಾಪನ ಮಗ. ಚಿಕ್ಕಂದಿನಲ್ಲಿ ಲೈಬ್ರರಿಗೆ ಹೋಗಿ ‘ಸ್ಟಾರ್ಸ್’ ಬಗ್ಗೆ ಪುಸ್ತಕ ಕೇಳಿದರೆ, ಅಲ್ಲಿದ್ದವರು ಸಿನಿಮಾ ಸ್ಟಾರ್‌ಗಳ ಪುಸ್ತಕ ಕೊಟ್ಟರಂತೆ. ತನಗೆ ಬೇಕಾದ್ದು ಇದಲ್ಲ ಎಂದು ಹುಡುಗ ಹೇಳಿದ, ಸರಿಯಾದ ಪುಸ್ತಕ ಸಿಕ್ಕಿತು. ಕೇಳಿದ್ದಕ್ಕೆ ಅಂದು ಯಾರಾದರೂ ಗದರಿಸಿ ಕಳಿಸಿದ್ದರೆ?

ಕೊನೆಗೆ ಅಕ್ಕನೂ ನಾನೂ ಒಂದು ಮಾತಿಗೆ ಬಂದೆವು. ನೋಟ್ಸಿನಲ್ಲಿ ಪಾಠ ಮಾತ್ರ. ಚಿತ್ರಕ್ಕೆ ಬೇರೆಯೇ ಡ್ರಾಯಿಂಗ್ ಪುಸ್ತಕ, ಅದು ಮಾಮನ ಖರ್ಚು. ಪ್ರತಿ ಚಿತ್ರದ ಕೆಳಗೆ ‘ನೋಡಿ ಬಿಡಿಸಿದ್ದು’ ಅಥವಾ ‘ಊಹಿಸಿ ಬಿಡಿಸಿದ್ದು’ ಎಂದು ಬರೆಯಬೇಕು. ಮುಂದಿನ ರಜೆಗೆ ಎಲ್ಲರೂ ಸೇರಿ ಪಿಲಿಕುಳದ ತಾರಾಲಯಕ್ಕೆ.

ಹೊರಡುವಾಗ ಫ್ಯಾಮಿಲಿ ಗ್ರೂಪಿನಲ್ಲಿ ಅವಳ ಮೆಸೇಜು ಬಂದಿತ್ತು: “ಇದು ಫೋಟೊ ಅಲ್ಲ, ಯಾರೋ ಬಿಡಿಸಿದ ಚಿತ್ರ. ಬಿಡಿಸಿದವರ ಹೆಸರು ಗೊತ್ತಿದ್ದರೆ ಹೇಳಿ.” ಅದಕ್ಕೆ ಮೊದಲ ಲೈಕ್ ಅಕ್ಕನದೇ.