ನಿಂತ ಜಾಗಕ್ಕೇ ಪಗಾರ: ನಮ್ಮ ಕಡೆಯ ‘ವ್ಯಾನ್ ಲೈಫ್’ ಲೆಕ್ಕ

ಹುಬ್ಬಳ್ಳಿ ದುರ್ಗದಬೈಲಿನಿಂದ ಮಾತಾಡಾಕತ್ತೇನಿ. ಇವತ್ತಿನ ವಿಷಯ, ಮನೀನೂ ಜೊತೆಗೇ ಒಯ್ಯೋದು, ದುಡಿಮೀನೂ ಜೊತೆಗೇ ಒಯ್ಯೋದು.

ರೀಲ್ಸ್‌ನಾಗ ವ್ಯಾನ್ ಲೈಫ್ ವಿಡಿಯೋ ನೋಡಿರ್ತೀರಿ. ಬೆಟ್ಟ, ಸೂರ್ಯಾಸ್ತ, ಕೈಯಾಗ ಕಾಫಿ. ಅಮೆರಿಕಾದಲ್ಲಿ ಇದಕ್ಕೆ ಇನ್ನೊಂದು ಮುಖ ಐತಿ. ಮನೆ ಬಾಡಿಗೆ ಕಟ್ಟಲಾಗದವರು, ಪಿಂಚಣಿ ಸಾಲದವರು ಎಷ್ಟೋ ಜನ ಆರ್‌ವಿ ಅನ್ನೋ ಮನೆಗಾಡಿಯೊಳಗೇ ವರ್ಷಪೂರ್ತಿ ಇರ್ತಾರೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಶೌಚಾಲಯ ತೊಳೀತಾರೆ, ಬುಕಿಂಗ್ ನೋಡ್ಕೋತಾರೆ. ಅದಕ್ಕೆ ಪ್ರತಿಯಾಗಿ ಗಾಡಿ ನಿಲ್ಲಿಸಲು ಜಾಗ, ಕರೆಂಟು, ನೀರು. ಕೆಲವು ಕಡೆ ಮೇಲೆ ಸಂಬಳ. 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದ ‘ನೊಮ್ಯಾಡ್‌ಲ್ಯಾಂಡ್’ ಇಂಥವರ ಕಥೆನೇ.

ಅಂದ್ರ ಅಲ್ಲಿ ನಿಲ್ಲೋ ಜಾಗಕ್ಕಾಗಿ ಕೆಲಸ ಮಾಡಬೇಕು. ನಮ್ಮ ಕಡೆ ಇದರ ಉಲ್ಟಾ ನಡೀತದ. ನಿಂತಿದ್ದಕ್ಕೇ ರೊಕ್ಕ ಕೊಡ್ತಾರೆ!

ಯಾರು ಇವರು?

ಸುಗ್ಗಿ ಮುಗಿದ ಮೇಲೆ ಧಾರವಾಡ, ನವಲಗುಂದ ಕಡೆ ಬಸ್ಸಿನಾಗ ಹೋದ್ರ ಹೊಲದಾಗ ನೂರಾರು ಕುರಿ, ಒಂದೆರಡು ಕುದುರಿ, ನಾಯಿ, ಒಂದು ಸಣ್ಣ ಗುಡಾರ ಕಾಣಸ್ತಾವ. ಇವರು ವಲಸೆ ಕುರಿಗಾಹಿಗಳು, ಹೆಚ್ಚಿನವರು ಕುರುಬರು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ ಕಡೆಯವರು ಬಹಳ. ಪಾತ್ರೆ, ಹಾಸಿಗೆ, ಹಿಟ್ಟಿನ ಚೀಲ ಎಲ್ಲಾ ಕುದುರೆ ಬೆನ್ನ ಮೇಲೆ. ನಡೆಯಲಾರದ ಮರಿಗಳೂ ಅಲ್ಲೇ. ಮಳೆಗಾಲದಲ್ಲಿ ಪಶ್ಚಿಮದ ಕೆಸರು ಕುರಿಗಳ ಗೊರಸಿಗೆ ಆಗಿಬರೋದಿಲ್ಲ, ಹಂಗಾಗಿ ಒಣ ಸೀಮೆಗೆ ಹೋಗ್ತಾರೆ. ಬೆಳೆ ಕೊಯ್ಲಾದ ಮೇಲೆ ಕರಿಮಣ್ಣಿನ ಹೊಲಗಳಿಗೆ ಬರ್ತಾರೆ.

ರೈತ ಯಾಕೆ ರೊಕ್ಕ ಕೊಡ್ತಾನೆ?

ಗೊಬ್ಬರಕ್ಕೆ. ಹಗಲು ಮೇಯ್ದ ಕುರಿಗಳನ್ನ ರಾತ್ರಿ ಒಬ್ಬರ ಹೊಲದಾಗ ಬಲೆ ಕಟ್ಟಿ ನಿಲ್ಲಿಸ್ತಾರೆ. ಕುರಿ ಎಷ್ಟು, ರಾತ್ರಿ ಎಷ್ಟು ಅನ್ನೋದರ ಮೇಲೆ ಮಾತುಕತೆ. ರೊಕ್ಕ ಕೊಡ್ತಾರೆ, ಇಲ್ಲಾ ಜೋಳ ಕೊಡ್ತಾರೆ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣು. ಹಿಂಡಿನಲ್ಲಿ 500 ಕುರಿ, ಒಂದೊಂದು ರಾತ್ರಿಗೆ ಅರ್ಧ ಕಿಲೋ ಹಿಕ್ಕೆ ಅಂತ ಹಿಡೀರಿ. ಒಂದು ರಾತ್ರಿಗೆ 250 ಕಿಲೋ, ನಾಲ್ಕು ರಾತ್ರಿಗೆ ಒಂದು ಟನ್. ಟ್ರ್ಯಾಕ್ಟರ್ ಬಾಡಿಗೆ ಇಲ್ಲ, ಹರಡೋ ಕೂಲಿ ಇಲ್ಲ. ಕೃಷಿ ಪಠ್ಯಗಳ ಪ್ರಕಾರ ಕುರಿ-ಮೇಕೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 3; ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಶೇ 0.5ರ ಆಸುಪಾಸು. ಮೇಲಾಗಿ ತಿಪ್ಪೆಯಲ್ಲಿ ಹಾಳಾಗಿ ಹೋಗೋ ಮೂತ್ರ ಇಲ್ಲಿ ನೇರ ಮಣ್ಣಿಗೆ ಇಳೀತದ.

ಕುರಿಗಾಹಿಗೆ ಏನು ಉಳೀತದ?

ಬಿ.ಕಾಂ ಭಾಷೆಯಲ್ಲಿ ಹೇಳೋದಾದ್ರೆ, ಇವರ ಬಂಡವಾಳ ನಾಲ್ಕು ಕಾಲಿನ ಮೇಲೆ ನಡೀತದ. ಮುಖ್ಯ ಆದಾಯ ಮರಿ, ಟಗರು ಮಾರಿದ್ದು. ಹೊಲದಲ್ಲಿ ನಿಲ್ಲಿಸಿದ ರೊಕ್ಕ, ಜೋಳ ದಿನದ ಖರ್ಚಿಗೆ. ಕಂಬಳಿಗೆ ಬೇಕಾದ ದಖನಿ ಕುರಿಯ ಉಣ್ಣೆಗೆ ಈಗ ಬೆಲೆ ಇಲ್ಲ. ಎಷ್ಟೋ ಸಲ ಕತ್ತರಿಸಿದ ಕೂಲಿನೂ ಹುಟ್ಟೋದಿಲ್ಲ.

ರಿಸ್ಕ್ ಮಾತ್ರ ಪೂರ್ತಿ ಅವರದ್ದು. ಅಕಾಲಿಕ ಮಳೆ, ತೋಳ, ಕಳ್ಳರು, ನೀಲಿ ನಾಲಿಗೆ ರೋಗ. ಒಂದೇ ವಾರದಲ್ಲಿ ಅರ್ಧ ಹಿಂಡು ಹೋದ್ರ ವರ್ಷಗಳ ಉಳಿತಾಯ ಹೋದಂಗ. ಕುರಿ ಸತ್ತರೆ ಪರಿಹಾರ ಕೊಡೋ ‘ಅನುಗ್ರಹ’ ಯೋಜನೆ ರಾಜ್ಯದಲ್ಲಿ ಐತಿ. ಆದರೆ ಪಶುವೈದ್ಯರು ನೋಡಿ ಖಾತ್ರಿ ಮಾಡಬೇಕು. ಊರಿಂದ ದೂರ, ಅಡವಿ ಅಂಚಿನಾಗ ಕುರಿ ಸತ್ತರ ಅದು ಸುಲಭ ಅಲ್ಲ. ಅವರ ಮೇಲೆ ನಡೆಯೋ ಹಲ್ಲೆ, ದೌರ್ಜನ್ಯ ತಡೆಯಾಕ ಅಂತ 2025ರಲ್ಲಿ ವಿಧಾನಮಂಡಲದ ಮುಂದೆ ವಿಧೇಯಕನೂ ಬಂತು.

ವಿಳಾಸದ ತೊಂದರೆ ಬ್ಯಾರೆ. ‘ಒಂದು ದೇಶ, ಒಂದು ಪಡಿತರ ಚೀಟಿ’ಯಿಂದ ಬೇರೆ ಊರಿನ ಅಂಗಡಿಯಲ್ಲೂ ರೇಷನ್ ತಗೋಬಹುದು. ಆದ್ರ ಶಾಲೆ ಹಿಂಡಿನ ಹಿಂದೆ ನಡೆದು ಬರೋದಿಲ್ಲ. ಮಕ್ಕಳನ್ನ ಊರಿನಾಗ ಅಜ್ಜ-ಅಜ್ಜಿ ಹತ್ರ ಬಿಡಬೇಕು, ಇಲ್ಲಾ ಶಾಲೆ ಬಿಡಿಸಬೇಕು.

ಇದು ಎಷ್ಟು ದಿನ?

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರದ ನಂತರ ನಾವೇ. ಕುರಿ ಅದಾವ, ಕಡಿಮೆ ಆಗಾಕತ್ತಿರೋದು ಜಾಗ. ಕಾಲುವೆ ನೀರು ಬಂದಲ್ಲಿ ವರ್ಷಕ್ಕೆ ಎರಡು ಬೆಳೆ, ಕಬ್ಬು ಬಂದಲ್ಲಿ ಹೊಲ ಖಾಲಿ ಬೀಳೋದೇ ಇಲ್ಲ. ಗೋಮಾಳಕ್ಕೆ ಬೇಲಿ, ಹಳೇ ದಾರಿಗೆ ಲೇಔಟು.

ನಿಮ್ಮ ಮನೀಗೆ ಹೊಲ ಇದ್ರ ಈ ಸಲ ಅಪ್ಪನ್ನೋ, ಕಾಕಾನ್ನೋ ಕೇಳ್ರಿ: ನಮ್ಮ ಹೊಲದಾಗ ಕೊನೀ ಸಲ ಕುರಿ ನಿಲ್ಲಿಸಿದ್ದು ಯಾವಾಗ? ಯೂರಿಯಾ ಚೀಲದ ಖರ್ಚಿನ ಪಕ್ಕದಾಗ ಆ ಖರ್ಚನ್ನೂ ಬರೆದು ನೋಡ್ರಿ. ನಿಲ್ಲಿಸೋದಾದ್ರ ರೇಟು ಮೊದಲೇ ಮಾತಾಡ್ರಿ, ಕುಡಿಯೋ ನೀರು ಕೊಡ್ರಿ, ಬೆಳಿಗ್ಗೆ ಅವರು ಹೊರಡೋಕಿಂತ ಮೊದಲ ರೊಕ್ಕ ಮುಟ್ಟಿಸ್ರಿ. ಯಾಕಂದ್ರ ಮರುದಿನ ರಾತ್ರಿ ಅವರ ಮನೆ ಬೇರೆ ಊರಿನಾಗ ಇರ್ತದ.

ಮತ್ತ ಮುಂದಿನ ಎಪಿಸೋಡಿನಾಗ ಸಿಗೋಣ್ರಿ.