ಸುಕ್ಕಿನ ಕ್ರೀಮಿಗೆ ಮುಖ ಮುನಿದರೆ

ನಲವತ್ತು ದಾಟಿದ ಮೇಲೆ ಕನ್ನಡಿ ನೋಡಿದಾಗ ಕಣ್ಣಂಚಿನ ಗೆರೆಗಳೇ ಮೊದಲು ಕಾಣುತ್ತವೆ. ಸುಕ್ಕು ತಡೆಯುವ ಕ್ರೀಮೊಂದನ್ನು ನೀವೂ ತಂದು ಹಚ್ಚುತ್ತಿರಬಹುದು. ಕೆಲವು ತಿಂಗಳು ಏನೂ ತೊಂದರೆಯಿಲ್ಲ. ಒಂದು ಬೆಳಿಗ್ಗೆ ಏಳುವಾಗ ರೆಪ್ಪೆಗಳು ಊದಿವೆ, ಕೆನ್ನೆ ಕೆಂಪಾಗಿದೆ, ವಿಪರೀತ ತುರಿಕೆ. 'ಇಷ್ಟು ದಿನ ಹಚ್ಚಿದ ಕ್ರೀಮಿನಿಂದ ಈಗೇಕೆ ಆದೀತು?' ಎಂದು ನೀವು ಹಿಂದಿನ ದಿನ ತಿಂದ ಬದನೆಕಾಯಿಯನ್ನು ದೂರುತ್ತೀರಿ.

ತಪ್ಪು ಕ್ರೀಮಿನದೇ ಇರಬಹುದು. ಒಂದು ವಸ್ತು ಚರ್ಮಕ್ಕೆ ಮತ್ತೆ ಮತ್ತೆ ತಗಲಿದಾಗ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುವುದೇ ಅಲರ್ಜಿ. ಇದಕ್ಕೆ ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಒಮ್ಮೆ ಗುರುತಿಟ್ಟರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ಮುಂದೆ ಅದೇ ವಸ್ತು ತಗಲಿದರೆ ಒಂದೆರಡು ದಿನಗಳಲ್ಲಿ ತುರಿಕೆ, ಗುಳ್ಳೆ ಕಾಣಿಸುತ್ತವೆ. ರೆಪ್ಪೆಯ ಚರ್ಮ ಬಹಳ ತೆಳುವಾದ್ದರಿಂದ ತೊಂದರೆ ಹಲವರಿಗೆ ಅಲ್ಲಿಯೇ ಮೊದಲು ತಲೆದೋರುತ್ತದೆ.

ಎಲ್ಲ ಉರಿಯೂ ಅಲರ್ಜಿಯಲ್ಲ

ರೆಟಿನಾಲ್, ಗ್ಲೈಕಾಲಿಕ್ ಆಮ್ಲಗಳಿರುವ ಕ್ರೀಮು ಹಚ್ಚಿದ ಆರಂಭದಲ್ಲಿ ಚರ್ಮ ಒಣಗಿ, ಉರಿದು, ಹೊಟ್ಟಿನಂತೆ ಏಳಬಹುದು. ಇದು ಬರೀ ಕೆರಳಿಕೆ. ದಿನ ಬಿಟ್ಟು ದಿನ, ಕಡಿಮೆ ಹಚ್ಚಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಅಲರ್ಜಿಯಲ್ಲಿ ಉರಿಗಿಂತ ತುರಿಕೆ ಹೆಚ್ಚು. ತುಸುವೇ ತಗಲಿದರೂ ಸಾಕು.

ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ಕ್ರೀಮಿಗೆ ಬೆರೆಸಿದ ಸುಗಂಧ ಮತ್ತು ಅದು ಕೆಡದಂತೆ ಕಾಯುವ ರಾಸಾಯನಿಕಗಳು. ಮೀಥೈಲ್ ಐಸೊಥಯಜೋಲಿನೋನ್ ಎಂಬ ಇಂಥ ಒಂದು ರಾಸಾಯನಿಕವನ್ನು, ಹಚ್ಚಿ ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ಬಳಸದಂತೆ ಯುರೋಪ್ ಒಕ್ಕೂಟ 2017ರಲ್ಲಿ ನಿಷೇಧಿಸಿತು. 'ಗಿಡಮೂಲಿಕೆಯದು' ಎಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಸಸ್ಯಗಳ ಸುಗಂಧ ತೈಲಗಳೂ ಅಲರ್ಜಿ ತರುತ್ತವೆ.

ನೀವು ಮಾಡಬೇಕಾದದ್ದು

ಮುಖಕ್ಕೆ ಹಚ್ಚುವುದೆಲ್ಲವನ್ನೂ ನಿಲ್ಲಿಸಿ. ತಣ್ಣೀರಿನಲ್ಲಿ ತೊಳೆದು ಪೆಟ್ರೋಲಿಯಂ ಜೆಲ್ಲಿ ಮಾತ್ರ ಸವರಿ. ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಬೇಡಿ. ವೈದ್ಯರ ಸಲಹೆಯಿಲ್ಲದೆ ದಿನಗಟ್ಟಲೆ ಬಳಸಿದರೆ ಮುಖದ ಚರ್ಮ ತೆಳುವಾಗಿ ಹೊಸ ಕಾಟ ಶುರುವಾಗುತ್ತದೆ. ಉಸಿರಾಟಕ್ಕೆ ಕಷ್ಟವಾದರೆ, ನಾಲಿಗೆ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಚರ್ಮರೋಗ ತಜ್ಞರ ಬಳಿಗೆ ಹೋಗುವಾಗ ಕ್ರೀಮಿನ ಡಬ್ಬಿ, ರಟ್ಟಿನ ಪೆಟ್ಟಿಗೆ ಎರಡನ್ನೂ ಒಯ್ಯಿರಿ. ಅಗತ್ಯವೆನಿಸಿದರೆ ಅವರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಶಂಕಿತ ವಸ್ತುಗಳನ್ನು ಬೆನ್ನಿಗೆ 48 ಗಂಟೆ ಅಂಟಿಸಿಟ್ಟು, ಯಾವುದರ ಕೆಳಗೆ ಚರ್ಮ ಕೆಂಪಾಗಿ ಉಬ್ಬಿತೆಂದು ನೋಡುತ್ತಾರೆ. ಅದರ ಹೆಸರನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಸಾಬೂನು, ಶಾಂಪೂಗಳಲ್ಲೂ ಅದಿರಬಹುದು.

ಇನ್ನು ಮುಂದೆ ಹೊಸ ಕ್ರೀಮು ಕೊಂಡರೆ ನೇರ ಮುಖಕ್ಕೆ ಬೇಡ. ಮೊಣಕೈ ಮಡಿಕೆಯ ಬಳಿ ದಿನಕ್ಕೆರಡು ಬಾರಿ, ವಾರದಿಂದ ಹತ್ತು ದಿನ ಹಚ್ಚಿ ನೋಡಿ. ಸುಕ್ಕು ಅಷ್ಟು ದಿನ ಕಾದೀತು!